ಜಡೆಕಂಬದ ಕೊನೆಯ ಸಾಲು

ಅಕ್ಷರಣ್ಣ ಬೆನ್ನು ನೆಲಕ್ಕಿಟ್ಟು ಮಲಗಿ ಒಂದೂವರೆ ವರ್ಷವಾಗಿತ್ತು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಚಾಪೆಯ ಮೇಲೆ ಕೂತು, ಎದುರಿಗೆ ಒಂದು ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿ, ಅದರ ಮೇಲೆ ಮಡಿಸಿದ ಕಂಬಳಿ ಇಟ್ಟುಕೊಂಡು, ಹಣೆ ಊರಿ ನಿದ್ದೆ ಮಾಡುತ್ತಿದ್ದ. ನಿದ್ದೆಯೇನು ಬಂತು, ಹತ್ತು ನಿಮಿಷಕ್ಕೊಮ್ಮೆ ಕೆಮ್ಮು ಬಂದು ಎಬ್ಬಿಸುತ್ತಿತ್ತು. ಇಬ್ಬರು ಎತ್ತುವ ಚಪ್ಪಡಿಯನ್ನು ಒಬ್ಬನೇ ಉರುಳಿಸುತ್ತಿದ್ದ ಮನುಷ್ಯ ಈಗ ನೀರಿನ ಚೊಂಬು ಎತ್ತುವ ಮೊದಲು ಅದನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದ.

ಮನೆ ಅಂದರೆ ಒಂದು ಕೋಣೆ, ಮೇಲೆ ತಗಡು. ಹೊಗೆ ತಾಗಬಾರದೆಂದು ಹೆಂಡತಿ ಒಲೆಯನ್ನು ಬಾಗಿಲಾಚೆಗೆ ಸಾಗಿಸಿದ್ದಳು. ಆ ಸಾಲಿನಲ್ಲಿ ಇಂಥವೇ ಇಪ್ಪತ್ತೆರಡು ಮನೆ. ಎಲ್ಲ ಕಲ್ಲುಕೆಲಸದವರದು. ಒಂಬತ್ತು ಮನೆಯಲ್ಲಿ ಗಂಡಸು ಆಗಲೇ ಹೋಗಿಯಾಗಿತ್ತು. ಉಳಿದವರಲ್ಲಿ ಯಾರು ಎದ್ದರು, ಯಾರು ಅಂಗಳಕ್ಕೆ ಬಂದರು ಅನ್ನುವುದು ಕೆಮ್ಮಿನಿಂದಲೇ ಗೊತ್ತಾಗುತ್ತಿತ್ತು, ಕಿಟಕಿ ತೆಗೆದು ನೋಡಬೇಕಾಗಿರಲಿಲ್ಲ.

ಅಕ್ಷರಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ತಮಾಷೆ ಏನೆಂದರೆ ಅವನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆ ಕಸುಬಿನಲ್ಲಿ ಇದು ಕೊರತೆಯಲ್ಲ, ಯೋಗ್ಯತೆ. ಓದು ಬಂದವನು ಕೆತ್ತುತ್ತ ಕೆತ್ತುತ್ತ ಅರ್ಥದ ಹಿಂದೆ ಹೋಗುತ್ತಾನೆ, ಮುಂದಿನ ಅಕ್ಷರವನ್ನು ತಾನೇ ಊಹಿಸಿಕೊಂಡು ಉಳಿ ಇಡುತ್ತಾನೆ, ಕಲ್ಲು ಕೆಡಿಸುತ್ತಾನೆ. ಓದು ಬಾರದವನು ಕಾಗದದಿಂದ ಇಳಿಸಿದ ಗೆರೆಯನ್ನಷ್ಟೇ ನೋಡುತ್ತಾನೆ. ಹಾಗಾಗಿ ಕಂಟ್ರಾಕ್ಟರುಗಳು ಓದು ಬಾರದವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಊರಿನ ಅರ್ಧ ಶಾಲೆ, ಆಸ್ಪತ್ರೆಗಳ ಅಡಿಗಲ್ಲಿನ ಮೇಲೆ ಅವನ ಕೈ ಇತ್ತು.

ಅವನ ಹೆಂಡತಿಯನ್ನು ಎಲ್ಲರೂ ಕುಲುಮೆಯಕ್ಕ ಅನ್ನುತ್ತಿದ್ದರು. ಮೊಂಡಾದ ಉಳಿಗಳನ್ನು ಕಾಯಿಸಿ, ಬಡಿದು, ನೀರಲ್ಲಿ ಅದ್ದಿ ಹದ ಮಾಡಿಕೊಡುವುದು ಅವಳ ಕೆಲಸ. ಈ ಕಥೆ ಅವಳದು. ಅವಳಿಗೆ ಬೇಕಾಗಿದ್ದು ಒಂದೇ ಒಂದು ಕಾಗದ. ಜಿಲ್ಲಾ ಆಸ್ಪತ್ರೆಯಲ್ಲಿ ಕಲ್ಲುದೂಳಿನ ರೋಗಿಗಳಿಗೆಂದೇ ಒಂದು ವಾರ್ಡು ಇತ್ತು. ಹಾಸಿಗೆ, ಔಷಧಿ, ಮೂಗಿಗೆ ಹಾಕುವ ಗಾಳಿ, ಎಲ್ಲ ಸರ್ಕಾರದ್ದೇ. ಆದರೆ ಸರ್ಕಾರದ ಕೆಲಸದಲ್ಲಿ ಕೂಲಿ ಮಾಡಿಯೇ ಈ ರೋಗ ಬಂತು ಅಂತ ಯಾವುದಾದರೂ ಇಲಾಖೆ ಬರೆದುಕೊಡಬೇಕು. ಡಾಕ್ಟರು ಎದೆಯ ಪಟ ತೆಗೆಸಿ ನೋಡಿ, "ಕಾಗದ ತಂದರೆ ಇವತ್ತೇ ಮಲಗಿಸ್ಕೋತೀನಿ. ಮಳೆಗಾಲದವರೆಗೂ ಕಾಯೋ ಹಾಗಿಲ್ಲ" ಅಂದಿದ್ದರು. ಆಗ ಬೇಸಿಗೆಯ ನಡು.

ಯಾವ ಕೆಲಸ ಅನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಜಡೆಕಂಬದ ಕೆಲಸ.

ಎರಡು ಹೆದ್ದಾರಿಗಳು ಕೂಡುವಲ್ಲಿ ಜಡೆಕಂಬ ಇದೆ. ಅದಕ್ಕೆ ಸರ್ಕಾರಿ ಹೆಸರು ರಾಷ್ಟ್ರೀಯ ಐಕ್ಯತಾ ಸ್ತಂಭ. ಅಷ್ಟುದ್ದ ಹೇಳುವಷ್ಟರಲ್ಲಿ ಬಸ್ಸು ಮುಂದಿನ ನಿಲ್ದಾಣ ತಲುಪಿರುತ್ತದೆ, ಹಾಗಾಗಿ ಲಾರಿಯವರು ಜಡೆಕಂಬ ಅಂದರು, ಅದೇ ನಿಂತಿತು. ದೇಶದ ಹದಿನೇಳು ಪ್ರಾಂತ್ಯಗಳಿಂದ ಹದಿನೇಳು ಬಗೆಯ ಕಲ್ಲು. ಕೆಂಪು, ಕಪ್ಪು, ಹಳದಿ, ಬೂದು. ಒಂದೊಂದು ಪ್ರಾಂತ್ಯದ ಕಲ್ಲು ಒಂದೊಂದು ಎಳೆ. ಬುಡದಲ್ಲಿ ಬೇರೆಬೇರೆಯಾಗಿ ಎದ್ದ ಎಳೆಗಳು ಮೇಲೆ ಹೋದಂತೆ ಒಂದರೊಳಗೊಂದು ಹೆಣೆದುಕೊಂಡು ನಾಲ್ಕಾಳೆತ್ತರದ ಒಂದೇ ಜಡೆಯಾಗುತ್ತವೆ. ಪ್ರಾಂತ್ಯ ಪ್ರಾಂತ್ಯಗಳು ಗಡಿಗಾಗಿ ಬಡಿದಾಡಿಕೊಂಡ ವರ್ಷ ಯಾರೋ ದೊಡ್ಡವರಿಗೆ ಈ ಯೋಚನೆ ಬಂದಿತ್ತಂತೆ. ಕಲ್ಲುಗಳು ಲಾರಿಯಲ್ಲಿ ಬಂದಾಗ ಬ್ಯಾಂಡು ಬಾರಿಸಿ ಬರಮಾಡಿಕೊಂಡರು. ಆಮೇಲೆ ತುದಿಯಲ್ಲಿ ಯಾರ ಎಳೆ ಇರಬೇಕು ಅಂತ ಹದಿನೇಳು ಪ್ರಾಂತ್ಯಗಳೂ ಜಗಳಕ್ಕೆ ಬಿದ್ದವು. ಎಂಟು ತಿಂಗಳು ಕೆಲಸ ನಿಂತಿತು. ಕೊನೆಗೆ ಎಲ್ಲರದೂ ಸಮ ಇರಲಿ ಅಂತ ತುದಿಯನ್ನು ಅಡ್ಡಕ್ಕೆ ಕೊಯ್ದರು. ಕತ್ತರಿಯಲ್ಲಿ ಕತ್ತರಿಸಿದ ಜಡೆ ಹೇಗಿರುತ್ತದೋ ಹಾಗೇ ಇದೆ ಈಗಲೂ.

ಶಾಲೆಯ ಮಕ್ಕಳು ಉರು ಹೊಡೆಯುವ ಚರಿತ್ರೆ ಇಷ್ಟು. ಉಳಿದದ್ದನ್ನು ಯಾವ ಮೇಷ್ಟರೂ ಹೇಳುವುದಿಲ್ಲ, ಅವರಿಗೂ ಗೊತ್ತಿಲ್ಲ ಅನ್ನಿ. ಉದ್ಘಾಟನೆಗೆ ಮುಂಚೆ ರಸ್ತೆಯವರ ಕಣ್ಣಿಗೆ ಬೀಳಬಾರದೆಂದು ಕೆಲಸದ ಜಾಗದ ಸುತ್ತ ತಗಡು ಹೊಡೆದು, ಮೇಲೆ ಟಾರ್ಪಾಲು ಬಿಗಿದಿದ್ದರು. ಒಳಗೆ ಇಪ್ಪತ್ತೆರಡು ಜನ ಮೂರು ವರ್ಷ ಕಲ್ಲು ಹೊಡೆದರು. ಹದಿನೇಳು ಕಲ್ಲುಗಳಲ್ಲಿ ಬಿಳಿಯದೊಂದು ಇತ್ತು. ಉಳಿ ತಾಗಿದರೆ ಸಾಕು, ಮೈದಾ ಹಿಟ್ಟಿನಂಥ ದೂಳು. ನೀರು ಚಿಮುಕಿಸಿ ಹೊಡೆದರೆ ದೂಳು ಏಳುವುದಿಲ್ಲ, ಆದರೆ ನೀರು ಬಿದ್ದರೆ ಬಿಳಿಕಲ್ಲಿಗೆ ಕಲೆ ಬೀಳುತ್ತದೆಂದು ಕಂಟ್ರಾಕ್ಟರು ನೀರಿನ ಡ್ರಮ್ಮುಗಳನ್ನೇ ಹೊರಗೆ ಹಾಕಿಸಿದ. ಕುಲುಮೆಯಕ್ಕನ ಉಳಿ ಅದ್ದುವ ಬಕೆಟ್ಟೊಂದು ಉಳಿಯಿತು. ಸಂಜೆ ಹೊರಗೆ ಬಂದಾಗ ಎಲ್ಲರ ರೆಪ್ಪೆ ಬೆಳ್ಳಗಿರುತ್ತಿತ್ತು, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಅವಳು ರಸ್ತೆ ಇಲಾಖೆಯ ಕಚೇರಿಗೆ ಹೋಗಿದ್ದು ಅದು ನಾಲ್ಕನೇ ಸಲ. ಕೋಣೆಯಲ್ಲಿ ಮೂರು ಮೇಜು, ಒಬ್ಬ ಗುಮಾಸ್ತ. ಅವನು ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಎಲ್ಲದರ ಮೇಲೂ ಒಂದೊಂದು ಕಲ್ಲಿನ ಚೂರು ಇಟ್ಟಿದ್ದ.

"ಮತ್ತೆ ಬಂದ್ಯಾ ಅಮ್ಮಾ?"

"ನೀವೇ ಬುಧವಾರ ಬಾ ಅಂದಿದ್ರಿ ಸಾರ್."

"ಅದು ಹೋದ ಬುಧವಾರದ ಮಾತು."

"ಹೋದ ಬುಧವಾರಾನೂ ಬಂದಿದ್ದೆ. ನೀವಿರಲಿಲ್ಲ."

ಗುಮಾಸ್ತ ಕೆಟ್ಟವನೇನಲ್ಲ. ಈ ಸಲ ಎದ್ದು ಹೋಗಿ ಕಪಾಟಿನಿಂದ ದಪ್ಪನೆಯ ಫೈಲು ತಂದ, ದೂಳು ಕೊಡವಿದ. ಅವಳು ತಟ್ಟನೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವನು ಒಂದೊಂದೇ ಹಾಳೆ ತಿರುವಿದ.

"ನೋಡಮ್ಮಾ, ಕಲ್ಲು ತಂದ ಲಾರಿಯವರು ಇದ್ದಾರೆ. ತಗಡಿನ ಅಂಗಡಿಯವರು ಇದ್ದಾರೆ. ಉದ್ಘಾಟನೆ ದಿನ ಹೂವಿನ ಅಲಂಕಾರ ಮಾಡಿದವರೂ ಇದ್ದಾರೆ. ಕೆಲಸಗಾರರು ಅನ್ನೋ ಕಡೆ ಶ್ರಮದಾನ ಅಂತ ಇದೆ, ಅಷ್ಟೆ."

"ಹಂಗಂದ್ರೆ ಏನು ಸಾರ್?"

"ಜನ ದೇಶದ ಮೇಲಿನ ಪ್ರೀತಿಗೆ ತಾವಾಗೇ ಬಂದು ಪುಕ್ಕಟೆ ಮಾಡಿದ್ರು ಅಂತ."

"ಮೂರು ವರ್ಷ ಪುಕ್ಕಟೆ ಯಾರು ಮಾಡ್ತಾರೆ? ವಾರವಾರ ಕೈಗೆ ಕೊಡ್ತಿದ್ರು."

"ಕೈಗೆ ಕೊಟ್ಟಿದ್ದು ಕೈಗೇ ಗೊತ್ತು. ಫೈಲಿಗೆ ಹೆಂಗೆ ಗೊತ್ತಾಗುತ್ತೆ?"

ಅವಳಿಗೆ ಒಂದು ದಿನ ನೆನಪಾಯಿತು. ಉದ್ಘಾಟನೆಗೆ ಹದಿನೈದು ದಿನ ಇರುವಾಗ ಎರಡು ಬಸ್ಸಿನಲ್ಲಿ ಕಾಲೇಜಿನವರು, ಆಫೀಸರುಗಳು ಬಂದಿದ್ದರು. ಕಲ್ಲುಕೆಲಸದವರನ್ನು ಆ ದಿನ ಹಿಂದಿನ ಗುಂಡಿಯ ಹತ್ತಿರ ಕೂರಿಸಿದ್ದರು. ಬಂದವರು ಹೊಸ ಗುದ್ದಲಿ ಹಿಡಿದು ಫೋಟೋ ತೆಗೆಸಿಕೊಂಡು, ಊಟ ಮುಗಿಸಿ ಹೋದರು. ಗುದ್ದಲಿಗಳು ಸಂಜೆಗೆ ವಾಪಸು ಅಂಗಡಿಗೆ ಹೋದವು, ಒಂದಕ್ಕೂ ಮಣ್ಣಾಗಿರಲಿಲ್ಲ.

"ನನ್ನ ಮೇಲೆ ಬೇಜಾರು ಮಾಡ್ಕೋಬೇಡ" ಅಂದ ಗುಮಾಸ್ತ. "ಬೇಕಾದ್ರೆ ಹೋಗಿ ಆ ಕಂಬದ ಬುಡದಲ್ಲಿರೋ ಕಲ್ಲು ಓದು. ಕೊನೆ ಸಾಲು ಓದು. ಸರ್ಕಾರ ಕಲ್ಲಿನ ಮೇಲೆ ಬರೆಸಿದ್ದನ್ನ ನಾನು ಕಾಗದದ ಮೇಲೆ ಇಲ್ಲ ಅನ್ನೋಕಾಗುತ್ತಾ?"

"ಆ ಕಲ್ಲು ನನ್ನ ಗಂಡಾನೇ ಕೆತ್ತಿದ್ದು ಸಾರ್."

ಗುಮಾಸ್ತ ಮೊದಲು ನಕ್ಕ. ಅವಳ ಮುಖ ನೋಡಿ ನಿಲ್ಲಿಸಿದ. "ಹಾಗಾದ್ರೆ ಅವನಿಗೇ ಗೊತ್ತಿರಬೇಕಲ್ಲ" ಅಂದು ಫೈಲು ಮುಚ್ಚಿದ.

ಅವಳು ಬಸ್ಸು ಹತ್ತಿ ಜಡೆಕಂಬದ ಹತ್ತಿರ ಇಳಿದಳು. ಕಟ್ಟಿ ಮುಗಿದ ಮೇಲೆ ಅವಳು ಅಲ್ಲಿಗೆ ಬಂದಿದ್ದು ಒಂದೇ ಸಲ, ಗಂಡನ ಜೊತೆ. ಅವನು ಆ ದಿನ ಅವಳ ಬೆರಳು ಹಿಡಿದು ಅಕ್ಷರಗಳ ಒಳಗೆ ಓಡಿಸಿದ್ದ. "ಎಲ್ಲಾದ್ರೂ ತರಿ ಸಿಗುತ್ತಾ ನೋಡು" ಅಂದಿದ್ದ. ಎಲ್ಲೂ ಸಿಕ್ಕಿರಲಿಲ್ಲ, ಬೆಣ್ಣೆಯ ಹಾಗಿತ್ತು. ಇದಕ್ಕಿಂತ ಒಳ್ಳೆಯ ಕೆಲಸ ತನ್ನ ಕೈಯಿಂದ ಆಗುವುದಿಲ್ಲ ಅಂತಲೂ ಅಂದಿದ್ದ. ಅದು ನಿಜವೇ ಆಯಿತು, ಅದಾದ ಮೇಲೆ ಕೆಮ್ಮು ಶುರುವಾಯಿತು.

ಕಾವಲುಗಾರ ವಯಸ್ಸಾದವನು. ಬಂದವರಿಗೆಲ್ಲ ಕಲ್ಲು ಓದಿ ಹೇಳುವುದೂ ಅವನ ಕೆಲಸವೇ. ಅವಳು ಕೇಳಿದ ಕೂಡಲೇ ಕೈ ಹಿಂದೆ ಕಟ್ಟಿ, ಪಾಠ ಒಪ್ಪಿಸುವ ಧಾಟಿಯಲ್ಲಿ ಶುರು ಮಾಡಿದ.

"ಹದಿನೇಳು ನೆಲ, ಹದಿನೇಳು ಶಿಲೆ, ಒಂದೇ ದೇಶ. ಭಿನ್ನವಾಗಿ ಹುಟ್ಟಿದ ನಾವು ಒಂದಾಗಿ ನಿಲ್ಲುತ್ತೇವೆ. ಈ ಸ್ತಂಭವು ಪ್ರಜೆಗಳ ದೇಶಪ್ರೀತಿಯಿಂದ ಎದ್ದು ನಿಂತಿದೆ. ಇದರ ಕೆಲಸದಲ್ಲಿ ಕೂಲಿಗಾಗಿ ದುಡಿದವರು ಒಬ್ಬರೂ ಇಲ್ಲ."

"ಕೊನೇದು ಇನ್ನೊಂದ್ಸಲ ಹೇಳಣ್ಣ."

"ಇದರ ಕೆಲಸದಲ್ಲಿ ಕೂಲಿಗಾಗಿ ದುಡಿದವರು ಒಬ್ಬರೂ ಇಲ್ಲ. ಯಾಕೆ ತಾಯಿ?"

"ಏನಿಲ್ಲ. ಇದನ್ನ ಕೆತ್ತೋಕೆ ಹನ್ನೊಂದು ದಿನ ಆಯ್ತು ನನ್ನ ಗಂಡಂಗೆ. ಕೂಲಿಗೇ ಕೆತ್ತಿದ್ದು."

ಕಾವಲುಗಾರ ಕಲ್ಲು ನೋಡಿದ, ಅವಳನ್ನು ನೋಡಿದ. ಕೈಯನ್ನು ಹಿಂದಿನಿಂದ ಮುಂದಕ್ಕೆ ತಂದುಕೊಂಡ. ಸಿಟ್ಟು ಬರಬೇಕಿತ್ತು ಅಂತ ಅವಳಿಗೇ ಅನ್ನಿಸಿತು. ಬರಲಿಲ್ಲ. ಬಿಸಿಲಿಗೆ ತಲೆ ಸುಡುತ್ತಿದೆ, ಬಸ್ಸು ಎಷ್ಟೊತ್ತಿಗೆ ಬರುತ್ತದೋ, ಮನೆಯಲ್ಲಿ ಗಂಜಿ ಇದೆಯೋ ಇಲ್ಲವೋ ಅಂತಷ್ಟೇ ತೋಚುತ್ತಿತ್ತು.

ಮನೆಗೆ ಬಂದಾಗ ಅಕ್ಷರಣ್ಣ ಡಬ್ಬದ ಮೇಲಿನಿಂದ ತಲೆ ಎತ್ತಿದ.

"ಏನಂದ್ರು?"

"ಮುಂದಿನ ವಾರ ಬಾ ಅಂದ್ರು."

"ಸಾಕ್ಷಿ... ಕೇಳಿದ್ರಾ?" ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವನು ಉಸಿರು ಹುಡುಕಬೇಕಾಗಿತ್ತು. "ಕಲ್ಲಿದೆಯಲ್ಲೇ. ಹೋಗಿ ನೋಡ್ಕೊಳ್ಳಿ ಅನ್ನಬೇಕಿತ್ತು. ಅದರ ಮೇಲೆ ನನ್ನ ಕೈ ಇದೆ. ಇನ್ನೊಬ್ಬ ಯಾರೂ ಹಂಗೆ ಹೊಡೆಯಲ್ಲ. ಅದಕ್ಕಿಂತ ಸಾಕ್ಷಿ ಬೇಕಾ?"

ಅವಳು ಗಂಜಿ ಕಾಯಿಸಿದಳು. ಬಟ್ಟಲು ಹಿಡಿದು ಕೂತಳು. ಅವನು ಮೂರು ಗುಟುಕು ಕುಡಿದ. ಹೇಳುವುದೋ ಬಿಡುವುದೋ ಅಂತ ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ. ಇಪ್ಪತ್ತು ವರ್ಷ ಒಂದೇ ಕುಲುಮೆಯ ಮುಂದೆ ಕೂತವರು, ಮುಚ್ಚಿಟ್ಟರೆ ಅವನಿಗೆ ಗೊತ್ತಾಗಿಯೇ ಆಗುತ್ತದೆ.

"ಅದರಲ್ಲಿ ಏನು ಬರ್ದಿದೆ ಗೊತ್ತಾ ನಿನಗೆ?"

"ದೇಶದ್ದು. ಒಂದಾಗಿರಬೇಕು ಅಂತ."

"ಕೊನೆ ಸಾಲಲ್ಲಿ, ಇಲ್ಲಿ ಕೂಲಿ ಮಾಡಿದವರು ಒಬ್ಬರೂ ಇಲ್ಲ ಅಂತಿದೆ."

ಅವನು ಬಟ್ಟಲನ್ನು ಕೆಳಗಿಡುವಂತೆ ಕಣ್ಣಲ್ಲೇ ಹೇಳಿದ. ಹಣೆಯನ್ನು ಕಂಬಳಿಗೆ ಊರಿದ. ಬೆನ್ನು ಏರುವುದು ಇಳಿಯುವುದು ಕಾಣುತ್ತಿತ್ತು. ಅಳುತ್ತಿದ್ದಾನೋ ಉಸಿರಿಗಾಗಿ ಒದ್ದಾಡುತ್ತಿದ್ದಾನೋ ಗೊತ್ತಾಗಲಿಲ್ಲ, ಅವಳು ಬೆನ್ನು ನೀವಿದಳು. ಅವನು ಮುಖ ಎತ್ತದೆಯೇ ಮಾತಾಡಿದ.

"ಆ ಸಾಲನ್ನೇ ಜಾಸ್ತಿ ಆಳ ಹೊಡೆಸಿದ್ರು. ರಸ್ತೆಯಿಂದ್ಲೇ ಕಾಣಬೇಕು ಅಂದ್ರು. ಮುಗಿದ ಮೇಲೆ ಕಂಟ್ರಾಕ್ಟರು ಬಂದು ಬೆನ್ನು ತಟ್ಟಿದ. ನಾನು ಹಲ್ಲು ಕಿರಿದೆ."

"ನಿನಗೇನು ಗೊತ್ತು."

"ನನ್ನ ಕೈಯಲ್ಲೇ ಹೊಡೆಸಿದ್ರಲ್ಲೇ. ನನ್ನ ಹೆಸರಿಗೆ, ಎಡಗೈಯ್ಯನ ಹೆಸರಿಗೆ, ಸತ್ತ ಒಂಬತ್ತು ಜನರ ಹೆಸರಿಗೆ. ನಾನೇ."

ಪಕ್ಕದ ಮನೆಯ ಎಡಗೈಯ್ಯ ಗೋಡೆಯಾಚೆ ಕೆಮ್ಮುತ್ತಿದ್ದ.

"ಚಪ್ಪಟೆ ಉಳಿ ಬೇಡ" ಅಂದ ಅಕ್ಷರಣ್ಣ. "ಜಾರುತ್ತೆ. ಮೊನೆ ಉಳಿ ತಗೊಂಡು ಹೋಗು, ನಾಲ್ಕೈದು ಬೇಕಾಗುತ್ತೆ. ಅಕ್ಷರದ ಒಳಗೆ ಹೊಡೀಬೇಡ, ಸುತ್ತ ಹೊಡಿ. ಸುತ್ತಲಿನ ಮೈ ಇಳಿದ್ರೆ ಅಕ್ಷರ ತಾನಾಗೇ ಹೋಗುತ್ತೆ."

"ಅದು ನಿನ್ನ ಕೆಲಸ."

"ನನ್ನ ಕೆಲಸ ಅಂತಾನೇ ಹೇಳ್ತಿರೋದು. ನನಗೆ ಏಳೋಕಾಗಲ್ಲ. ಬಾಯಿಗೆ ಒದ್ದೆ ಬಟ್ಟೆ ಕಟ್ಕೋ. ನೀರು ಹುಯ್ದು ಹುಯ್ದು ಹೊಡಿ. ಕಲೆ ಬಿದ್ರೆ ಬೀಳ್ಲಿ."

ಮಾರನೇ ದಿನ ಬೆಳಿಗ್ಗೆ ಅವಳು ಬಾಗಿಲಾಚೆಯ ಒಲೆಯನ್ನೇ ಕುಲುಮೆ ಮಾಡಿ ಆರು ಉಳಿ ಹದ ಮಾಡಿದಳು. ಬಹಳ ದಿನದ ಮೇಲೆ ಆ ಸಾಲಿನಲ್ಲಿ ಉಕ್ಕು ಬಡಿಯುವ ಸದ್ದು ಕೇಳಿ ಎಡಗೈಯ್ಯ ಹೊರಗೆ ಬಂದ. ಎಲ್ಲಿಗೆ ಅಂತ ಕೇಳಿದ. ಅವಳು ಹೇಳಿದಳು. ಅವನು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಂಡ, ಅಷ್ಟಕ್ಕೇ ಏದುಸಿರು ಬಂತು. ಸುದ್ದಿ ಮನೆಯಿಂದ ಮನೆಗೆ ಹೋಯಿತು. ಯಾರೂ ಕೂಗಾಡಲಿಲ್ಲ, ಭಾಷಣ ಮಾಡಲಿಲ್ಲ, ಮಾಡುವಷ್ಟು ಉಸಿರು ಯಾರಲ್ಲೂ ಇರಲಿಲ್ಲ. ನಡೆಯಬಲ್ಲ ಐದು ಜನ ಕಲ್ಲುಕೆಲಸದವರು, ಏಳು ಜನ ವಿಧವೆಯರು, ಎರಡು ಕೊಡ ನೀರು, ಒಂದು ಬಸ್ಸು. ಕಂಡಕ್ಟರು ಕೊಡಗಳಿಗೂ ಟಿಕೆಟು ಕೇಳಿದ.

ಜಡೆಕಂಬ ತಲುಪಿದಾಗ ನೆತ್ತಿಯ ಮೇಲೆ ಬಿಸಿಲು. ಕಾವಲುಗಾರ ಇವರನ್ನೂ ಉಳಿಗಳನ್ನೂ ನೋಡಿದ. ಅವನಿಗೆ ವಿವರಿಸಿ ಹೇಳಬೇಕಾಗಲಿಲ್ಲ.

"ನಾನು ಫೋನ್ ಮಾಡ್ಲೇಬೇಕು ತಾಯಿ. ನನ್ನ ನೌಕರಿ."

"ಮಾಡಣ್ಣ. ಅದಕ್ಕೆ ಮುಂಚೆ ಆ ಸಾಲು ಎಲ್ಲಿಂದ ಎಲ್ಲೀವರೆಗೂ ಇದೆ ತೋರಿಸು. ನಮಗೆ ಓದೋಕೆ ಬರಲ್ಲ. ಬೇರೆ ಸಾಲಿಗೆ ಏಟು ಬೀಳಬಾರದು, ಅದರ ತಪ್ಪೇನೂ ಇಲ್ಲ."

ಅವನು ಸುತ್ತ ಮುತ್ತ ನೋಡಿದ. ಬಗ್ಗಿ, ಒಂದು ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟ. ಇನ್ನೊಂದು ಕೈಯ ಬೆರಳನ್ನು ಕೊನೆಯ ಅಕ್ಷರದ ಮೇಲಿಟ್ಟ. ಆಮೇಲೆ ಫೋನ್ ಮಾಡಲು ತನ್ನ ಗೂಡಿಗೆ ಹೋದ. ನಂಬರು ಕಾಣಲು ಕನ್ನಡಕ ಬೇಕಿತ್ತು, ಅದು ಮೂಗಿನ ಮೇಲೇ ಇತ್ತು, ಆದರೂ ಹುಡುಕುತ್ತ ಕೂತ.

ಕುಲುಮೆಯಕ್ಕ ಒದ್ದೆ ಬಟ್ಟೆ ಕಟ್ಟಿಕೊಂಡಳು. ಒಬ್ಬಳು ನೀರು ಹುಯ್ದಳು. ಮೊದಲ ಏಟಿಗೆ ಮುಂಚೆ ಅವಳು ಬೆರಳನ್ನು ಒಂದು ಸಲ ಅಕ್ಷರದೊಳಗೆ ಓಡಿಸಿದಳು. ಈಗಲೂ ಎಲ್ಲೂ ತರಿ ಇರಲಿಲ್ಲ. ಅಷ್ಟು ಚೆಂದದ ಕೆಲಸವನ್ನು ಕೆಡಿಸಲು ಕೈ ಬರಲಿಲ್ಲ, ನಿಜಕ್ಕೂ ಬರಲಿಲ್ಲ. ಆಗಲೇ ಅವಳಿಗೆ ಸಿಟ್ಟು ಬಂದಿದ್ದು. ಗಂಡ ಸಾಯುವ ಮೊದಲೇ ಅವನ ಒಳ್ಳೆಯ ಕೆಲಸವನ್ನು ತಾನೇ ಕೊಲ್ಲಬೇಕಾಗಿ ಬಂತಲ್ಲ ಅಂತ ಬಂದ ಸಿಟ್ಟು. ಸುತ್ತಿಗೆ ಎತ್ತಿದಳು.

ಅಕ್ಷರಣ್ಣ ಆಳವಾಗಿ ಹೊಡೆದಿದ್ದ. ಒಂದು ಪದ ಹೋಗಲು ಅರ್ಧ ಗಂಟೆ ಬೇಕಾಯಿತು. ಅವಳಿಗೆ ಕೈ ಸೋತಾಗ ಎಡಗೈಯ್ಯ ಹೊಡೆದ, ಇಪ್ಪತ್ತು ಏಟಿಗೆ ಅವನು ಕೂತ, ಇನ್ನೊಬ್ಬ ಎದ್ದ. ನೆಟ್ಟಗಿದ್ದಾಗ ಒಬ್ಬನೇ ಮುಗಿಸುವ ಕೆಲಸಕ್ಕೆ ಆರು ಜನ ಸರದಿಯಲ್ಲಿ ನಿಂತರು. ಉಳಿ ಮೊಂಡಾದರೆ ಕುಲುಮೆಯಕ್ಕ ಬೇರೆಯದು ಕೊಟ್ಟಳು. ಬಸ್ಸುಗಳು ನಿಧಾನವಾದವು. ಕೆಲವರು ಇಳಿದು ನಿಂತು ನೋಡಿದರು. ಏನಾಗುತ್ತಿದೆ ಅಂತ ಯಾರೋ ಕೇಳಿದರೆ, "ರಿಪೇರಿ" ಅಂದಳು ನೀರು ಹುಯ್ಯುವವಳು.

ಪೊಲೀಸು ಜೀಪು ಬರುವ ಹೊತ್ತಿಗೆ ಕೊನೆಯ ಪದದ ಚೂರಷ್ಟೇ ಉಳಿದಿತ್ತು. ಸಾಹೇಬರು ಇಳಿದು ಕೂಗಿದರು. ಎಡಗೈಯ್ಯ ಕೇಳಿಸದವನ ಹಾಗೆ ಇನ್ನೂ ನಾಲ್ಕು ಏಟು ಹಾಕಿ ಸುತ್ತಿಗೆ ಕೆಳಗಿಟ್ಟ. ಆ ಸಾಲಿನ ಜಾಗದಲ್ಲಿ ಒದ್ದೆ ಕಲ್ಲಿನ ಹಸಿ ಮೈ ಕಾಣುತ್ತಿತ್ತು.

"ಯಾರು ಮಾಡಿದ್ದು ಇದು?"

"ನಾವೇ" ಅಂದರು. ಎಲ್ಲರೂ ಅಂದರು, ನೀರು ಹುಯ್ದವಳೂ ಸೇರಿ.

ಠಾಣೆಯಲ್ಲಿ ಬೆಂಚು ಸಾಲದೆ ನೆಲದ ಮೇಲೆ ಕೂರಿಸಿದರು. ಬರೆಯುವ ಪೇದೆ ಒಬ್ಬೊಬ್ಬರನ್ನಾಗಿ ಕೇಳಿಕೊಂಡ. ಹೆಸರು, ವಯಸ್ಸು, ಮನೆ. ಕುಲುಮೆಯಕ್ಕನ ಸರದಿ ಬಂತು.

"ಏನು ಕೆಲಸ?"

"ಉಳಿ ಹದ ಮಾಡೋದು. ಇವರೆಲ್ಲ ಕಲ್ಲುಕೆಲಸ."

"ಎಲ್ಲಿ?"

"ಆ ಕಂಬದಲ್ಲೇ. ಮೂರು ವರ್ಷ ಕೂಲಿ ಮಾಡಿದ್ವಿ."

ಪೇದೆ ಸಾಹೇಬರ ಕಡೆ ನೋಡಿದ. ಸಾಹೇಬರು ಆ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಕಲ್ಲಿನಲ್ಲಿ ಏನು ಬರೆದಿತ್ತೋ ಅವರಿಗೆ ಗೊತ್ತಿರಲಿಲ್ಲ, ಈಗ ಓದೋಣವೆಂದರೆ ಆ ಸಾಲೂ ಇರಲಿಲ್ಲ.

"ಬರ್ಕೋ, ಬರ್ಕೋ" ಅಂದರು. "ಕೇಸು ಗಟ್ಟಿಯಾಗುತ್ತೆ. ಅಲ್ಲೇ ಕೂಲಿಗಿದ್ದವರು, ಹಳೇ ದ್ವೇಷ. ಸರಿಯಾಗಿ ಬರಿ."

ಪೇದೆ ಸರಿಯಾಗಿಯೇ ಬರೆದ. ಹಾಳೆ ತಿರುಗಿಸಿ, ಮಸಿಯ ಪ್ಯಾಡು ಮುಂದೆ ತಳ್ಳಿ, "ಇಲ್ಲಿ ಒತ್ತು" ಅಂದ.

"ಓದಿ ಹೇಳಿ ಸಾರ್" ಅಂದಳು ಅವಳು. "ಓದಿ ಹೇಳದೆ ನಮ್ಮ ಕೈ ಇನ್ನು ಯಾವುದರ ಮೇಲೂ ಬೀಳಲ್ಲ."

ಪೇದೆ ಬೇಸರದಿಂದ ಓದಿದ. "ಸದರಿ ಆರೋಪಿಗಳು ಐಕ್ಯತಾ ಸ್ತಂಭದ ನಿರ್ಮಾಣದಲ್ಲಿ ಮೂರು ವರ್ಷಗಳ ಕಾಲ ಕೂಲಿಗಾಗಿ ದುಡಿದವರಾಗಿದ್ದು..."

ನೆಲದ ಮೇಲೆ ಕೂತಿದ್ದ ಹನ್ನೆರಡು ಜನರೂ ಕೆಮ್ಮು ತಡೆದುಕೊಂಡು ಕೇಳುತ್ತಿದ್ದರು.

"ಇನ್ನೊಂದ್ಸಲ ಓದಿ ಸಾರ್."

ಅವನು ಇನ್ನೊಂದು ಸಲ ಓದಿದ. ಅವಳು ಹೆಬ್ಬೆಟ್ಟನ್ನು ಮಸಿಗೆ ಒತ್ತಿ, ಹಾಳೆಯ ಮೇಲೆ ಭಾರ ಹಾಕಿ ಊರಿದಳು.

"ಇದರದೊಂದು ನಕಲು ನಮಗೆ ಬೇಕು. ಆಸ್ಪತ್ರೆಗೆ ಕೊಡೋದಿದೆ" ಅಂದಳು. "ಮತ್ತೆ ನನ್ನ ಗಂಡನ ಹೆಸರೂ ಸೇರಿಸ್ಕೊಳ್ಳಿ. ಆ ಸಾಲನ್ನ ಮೊದಲು ಹೊಡೆದವನೂ ಅವನೇ, ಹೆಂಗೆ ತೆಗೀಬೇಕು ಅಂತ ಹೇಳಿಕೊಟ್ಟವನೂ ಅವನೇ. ಮನೇಲೇ ಇದ್ದಾನೆ, ಎಲ್ಲೂ ಓಡಿಹೋಗಲ್ಲ. ಹಿಡ್ಕೊಂಡು ಬರೋಕೆ ಹೋಗೋರು ಜೀಪು ತಗೊಂಡು ಹೋಗಬೇಡಿ ಸಾರ್, ಆಂಬುಲೆನ್ಸ್ ತಗೊಂಡು ಹೋಗಿ."